ಫೀಸು ಬಾಕಿ ಇದೆ, ಮಗ ಬೇರೆ ಕಾಲೇಜಿಗೆ ಹೊರಟಿದ್ದಾನೆ

ಈ ಸಲ ಬಂದ ಪತ್ರಗಳನ್ನು ಊಟದ ಟೇಬಲ್ ಮೇಲೆ ಹರಡಿಕೊಂಡು ಕೂತಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಐದು ಪತ್ರಗಳು ಬೇರೆ ಬೇರೆ ಊರಿನವು, ಆದರೆ ಗೋಳು ಒಂದೇ. ಅಮೆರಿಕದಲ್ಲಿ ಓದುತ್ತಿರುವ ಮಕ್ಕಳು, ಕಟ್ಟಲಾಗದೆ ಉಳಿದ ಫೀಸು, ಕಾಲೇಜು ಬದಲಿಸುವ ಯೋಚನೆ. ಹಾಗಾಗಿ ಈ ಸಂಚಿಕೆಯನ್ನು ಪೂರ್ತಿ ಅದಕ್ಕೇ ಇಟ್ಟಿದ್ದೇನೆ. ಹೊಸ ಓದುಗರಿಗೆ ನನ್ನ ಪರಿಚಯ ಇಷ್ಟೇ: ನಾನು ಸಾಗರದ ಕಡೆಯವಳು. 2004ರಿಂದ 17 ವರ್ಷ ಒಹಾಯೋ ರಾಜ್ಯದ ಒಂದು ಕಾಲೇಜಿನಲ್ಲಿ ವಿದೇಶಿ ವಿದ್ಯಾರ್ಥಿಗಳ ಕಚೇರಿಯಲ್ಲಿ ಕೆಲಸ ಮಾಡಿದೆ. ಈಗ ಮೈಸೂರಿನಲ್ಲಿ ಇದ್ದೇನೆ.

ಪ್ರಶ್ನೆ: ನಾವು ತೀರ್ಥಹಳ್ಳಿ ತಾಲ್ಲೂಕಿನವರು, ಅಡಿಕೆ ತೋಟ ಇದೆ. ಮಗ ಬಿ.ಇ. ಮುಗಿಸಿ ಹೋದ ವರ್ಷ ಜನವರಿಯಲ್ಲಿ ಎಂ.ಎಸ್. ಓದಲು ಅಮೆರಿಕಕ್ಕೆ ಹೋದ. ಸ್ವಲ್ಪ ಬ್ಯಾಂಕ್ ಸಾಲ, ಉಳಿದದ್ದು ತೋಟದ ದುಡ್ಡು ಎಂದು ಲೆಕ್ಕ ಹಾಕಿದ್ದೆವು. ಎಲೆಚುಕ್ಕೆ ರೋಗ ಬಂದು ಫಸಲು ಅರ್ಧಕ್ಕೆ ಇಳಿಯಿತು. ಡಾಲರ್ ಬೇರೆ ಏರಿತು. ಈ ಸೆಮಿಸ್ಟರಿನ ಫೀಸಿನಲ್ಲಿ 9,800 ಡಾಲರ್ ಬಾಕಿ ಇದೆಯಂತೆ. ನಮಗೆ ಗೊತ್ತಾಗಿದ್ದೇ ಹೋದ ವಾರ. ಮಗ ಇನ್ನೊಂದು ರಾಜ್ಯದಲ್ಲಿ ಕಡಿಮೆ ಫೀಸಿನ ಕಾಲೇಜು ನೋಡಿದ್ದಾನೆ, ಆಗಸ್ಟ್‌ನಿಂದ ಸೇರಬಹುದಂತೆ. ಆದರೆ ಶಿವಮೊಗ್ಗದ ಏಜೆಂಟರೊಬ್ಬರು, ‘ಬಾಕಿ ಕಟ್ಟದೆ ಹಳೇ ಕಾಲೇಜು ಬಿಡುಗಡೆ ಕೊಡಲ್ಲ, ಒಂದೂವರೆ ಲಕ್ಷ ಕೊಟ್ಟರೆ ನಾನು ಮಾಡಿಸ್ತೀನಿ’ ಎನ್ನುತ್ತಿದ್ದಾರೆ. ಕಾಲೇಜು ಮಗನನ್ನು ಹಾಗೆ ಹಿಡಿದಿಡಬಹುದೇ? ಆ ಬಾಕಿ ಕಟ್ಟದೇ ಹೋದರೆ ಏನಾಗುತ್ತದೆ?

ಉತ್ತರ: ಮೊದಲು ಒಂದೂವರೆ ಲಕ್ಷದ ಮಾತು ಮುಗಿಸೋಣ. ಕೊಡಬೇಡಿ. ಶಿವಮೊಗ್ಗದಲ್ಲಿ ಕೂತ ಯಾರೂ ಈ ಬಿಡುಗಡೆಯನ್ನು ‘ಮಾಡಿಸಲು’ ಬರುವುದಿಲ್ಲ. ಅದನ್ನು ಮಾಡುವುದು ನಿಮ್ಮ ಮಗನ ಈಗಿನ ಕಾಲೇಜಿನಲ್ಲಿರುವ ಡಿಎಸ್ಒ. ಅಂದರೆ ವಿದೇಶಿ ವಿದ್ಯಾರ್ಥಿಗಳ ದಾಖಲೆ ನೋಡಿಕೊಳ್ಳಲು ಅಮೆರಿಕ ಸರ್ಕಾರ ಒಪ್ಪಿಗೆ ಕೊಟ್ಟ ಕಾಲೇಜಿನ ಅಧಿಕಾರಿ. ನಾನು ಮಾಡುತ್ತಿದ್ದದ್ದು ಅದೇ ಕೆಲಸ. ಸರ್ಕಾರದ ಕಂಪ್ಯೂಟರ್ ವ್ಯವಸ್ಥೆಗೆ ಸೆವಿಸ್ ಎಂದು ಹೆಸರು, 2003ರಿಂದ ನಡೆಯುತ್ತಿದೆ. ವಿದ್ಯಾರ್ಥಿ ವೀಸಾಕ್ಕೆಂದು ಕಾಲೇಜು ಕೊಡುವ ಐ-20 ಎಂಬ ಕಾಗದ, ಮಗನ ಆ ಕಾಗದದಲ್ಲಿ ‘ಎನ್’ ಅಕ್ಷರದಿಂದ ಶುರುವಾಗುವ ಒಂದು ನಂಬರ್ ಇದೆಯಲ್ಲ, ಅದೇ ಅವನ ಸೆವಿಸ್ ನಂಬರ್. ವರ್ಗಾವಣೆ ಎಂದರೆ ಆ ನಂಬರಿನ ದಾಖಲೆಯನ್ನು ಹಳೇ ಕಾಲೇಜು ಹೊಸ ಕಾಲೇಜಿನ ಕೈಗೆ ಬಿಡುವುದು, ಅಷ್ಟೇ. ಪರದೆಯ ಮೇಲೆ ಹೊಸ ಶಾಲೆಯ ಹೆಸರು ಆರಿಸಿ, ಬಿಡುಗಡೆಯ ತಾರೀಕು ಹಾಕಿ, ಒಂದು ಬಟನ್ ಒತ್ತಬೇಕು. ಐದು ನಿಮಿಷದ ಕೆಲಸ.

ಆ ದಾಖಲೆ ಸರ್ಕಾರದ್ದು, ಕಾಲೇಜಿನದ್ದಲ್ಲ. ಆದ್ದರಿಂದ ಫೀಸು ಬಾಕಿ ಇದೆ ಎಂಬ ಕಾರಣಕ್ಕೆ ಅದನ್ನು ತಡೆಹಿಡಿಯುವಂತಿಲ್ಲ.

ಇದು ನನಗೂ ಒಂದು ಕಾಲಕ್ಕೆ ಗೊತ್ತಿರಲಿಲ್ಲ. ನಾಚಿಕೆಯ ಕಥೆ, ಹೇಳಿಬಿಡುತ್ತೇನೆ. ನಾನು ಕೆಲಸಕ್ಕೆ ಸೇರಿದ ಎರಡನೇ ವರ್ಷ. ಡಿಸೆಂಬರ್, ಹೊರಗೆ ಮೊಣಕಾಲುದ್ದ ಹಿಮ. ನೇಪಾಳದ ಒಬ್ಬ ಹುಡುಗ ವರ್ಗಾವಣೆ ಕೇಳಿಕೊಂಡು ಬಂದ. ಕೈಯಲ್ಲಿ ಹೊಸ ಕಾಲೇಜಿನ ಪ್ರವೇಶ ಪತ್ರ, ಜೊತೆಗೆ ನಾನು ತುಂಬಿ ಕೊಡಬೇಕಾದ ಒಂದು ಪುಟದ ಫಾರಂ. ಅಷ್ಟರಲ್ಲಿ ಫೀಸು ಕಟ್ಟಿಸಿಕೊಳ್ಳುವ ಕಚೇರಿಯಿಂದ ಫೋನ್ ಬಂತು. ‘ಆ ಹುಡುಗ ಮೂರು ಸಾವಿರ ಚಿಲ್ಲರೆ ಕೊಡಬೇಕು, ಬಿಡಬೇಡಿ’ ಎಂದರು. ನಾನು ಬಿಡಲಿಲ್ಲ. ಅವನು ದಿನಾ ಬಂದು ನನ್ನ ಬಾಗಿಲ ಹೊರಗಿನ ಕುರ್ಚಿಯಲ್ಲಿ ಕೂರುತ್ತಿದ್ದ. ಶೂನಿಂದ ಕರಗಿದ ಹಿಮದ ನೀರು ನೆಲದ ಮೇಲೆ ಸಣ್ಣ ಮಡು ಕಟ್ಟುತ್ತಿತ್ತು. ಒಂಬತ್ತನೇ ದಿನ ನನ್ನ ಮೇಲಧಿಕಾರಿ ರಜೆ ಮುಗಿಸಿ ಬಂದರು. ವಿಷಯ ಕೇಳಿ ಬಾಗಿಲು ಹಾಕಿಕೊಂಡು ಹೇಳಿದರು: ‘ಅವರ ಬಾಕಿ ಅವರು ವಸೂಲಿ ಮಾಡಿಕೊಳ್ಳಲಿ. ನೀನು ಅವರ ಪೇದೆ ಅಲ್ಲ.’ ಆ ದಿನವೇ ಬಿಟ್ಟೆ. ಹುಡುಗ ಥ್ಯಾಂಕ್ಸ್ ಎಂದು ಹೇಳಿ ಹೋದ. ಬೈದಿದ್ದರೆ ವಾಸಿ ಇತ್ತು.

ನಿಮ್ಮ ಮಗನ ಕಾಲೇಜಿನಲ್ಲೂ ಯಾರಾದರೂ ಹಾಗೆ ಹೇಳಿದರೆ ಜಗಳ ಬೇಡ. ‘ಬಾಕಿಗೂ ಸೆವಿಸ್ ವರ್ಗಾವಣೆಗೂ ಸಂಬಂಧ ಇಲ್ಲ ಅಲ್ವಾ?’ ಎಂದು ಇಮೇಲಿನಲ್ಲಿ ವಿನಯದಿಂದ ಕೇಳಲಿ. ಬರವಣಿಗೆಯಲ್ಲಿ ಕೇಳಿದರೆ ಉತ್ತರವೂ ಯೋಚಿಸಿ ಬರುತ್ತದೆ.

ಆದರೆ ಕಾಲೇಜಿನ ಕೈಯಲ್ಲಿ ಬೇರೆ ಎರಡು ಬೀಗ ಇವೆ. ಅವೇ ನಿಜವಾದ ತಾಪತ್ರಯ.

ಒಂದು, ಹೋಲ್ಡ್. ಬಾಕಿ ಇದ್ದವರಿಗೆ ಮುಂದಿನ ಸೆಮಿಸ್ಟರಿಗೆ ಹೆಸರು ನೋಂದಾಯಿಸಲು ಕಂಪ್ಯೂಟರ್ ಬಿಡುವುದಿಲ್ಲ. ನಿಮ್ಮ ಮಗ ಈಗ ಸೆಮಿಸ್ಟರಿನ ನಡುವೆ ಇದ್ದಾನೆ, ತರಗತಿಗೆ ಹೋಗುತ್ತಿದ್ದಾನೆ. ಅಂದರೆ ಇವತ್ತಿಗೆ ವಿದ್ಯಾರ್ಥಿಯಾಗಿ ಆ ದೇಶದಲ್ಲಿರುವ ಅವನ ಕಾನೂನಿನ ಸ್ಥಿತಿ ಸರಿಯಾಗಿದೆ. ಸುಮ್ನೆ ಕೂತು ಆಗಸ್ಟ್ ಬಂತು ಎಂದುಕೊಳ್ಳಿ. ಹಳೇ ಕಡೆ ನೋಂದಣಿ ಇಲ್ಲ, ಹೊಸ ಕಡೆ ಹೋಗಿಲ್ಲ. ಸೆಮಿಸ್ಟರ್ ಶುರುವಾದ 30 ದಿನದೊಳಗೆ ಡಿಎಸ್ಒ ಪ್ರತಿ ವಿದ್ಯಾರ್ಥಿಯ ನೋಂದಣಿಯನ್ನು ಸೆವಿಸ್‌ನಲ್ಲಿ ಹಾಕಲೇಬೇಕು. ಮಾಸ್ಟರ್ಸ್ ಹುಡುಗರಿಗೆ ಸಾಮಾನ್ಯವಾಗಿ 9 ಕ್ರೆಡಿಟ್ ಇದ್ದರೆ ಅದು ಪೂರ್ಣಾವಧಿ ಓದು. ಅಷ್ಟು ಇಲ್ಲದಿದ್ದರೆ ದಾಖಲೆ ರದ್ದಾಗುತ್ತದೆ. ರದ್ದಾದ ಮೇಲೆ ದೇಶದಲ್ಲಿ ಉಳಿಯಲು ಒಂದು ದಿನದ ವಾಯಿದೆಯೂ ಇಲ್ಲ. ಆಮೇಲೆ ಮತ್ತೆ ಸರಿಮಾಡಿಸಲು ಐ-539 ಎಂಬ ಅರ್ಜಿ ಹಾಕಬೇಕು. ಸ್ಥಿತಿ ತಪ್ಪಿದ ಐದು ತಿಂಗಳೊಳಗೆ ಹಾಕಬೇಕು, ಕಾರಣ ತನ್ನ ಕೈಮೀರಿದ್ದು ಎಂದು ತೋರಿಸಬೇಕು, ಉತ್ತರಕ್ಕೆ ತಿಂಗಳುಗಟ್ಟಲೆ ಕಾಯಬೇಕು. ಫೀಸಿನ ಬಾಕಿ ಯಾರನ್ನೂ ದೇಶ ಬಿಡಿಸುವುದಿಲ್ಲ. ಈ ನೋಂದಣಿ ತಪ್ಪುವುದು ಬಿಡಿಸುತ್ತದೆ. ಹುಡುಗರು ಬಾಕಿಯ ಚಿಂತೆಯಲ್ಲಿ ಇದನ್ನು ಮರೆಯುತ್ತಾರೆ.

ಹಾಗಾಗಿ ಮಗನಿಗೆ ಹೇಳಿ: ಈ ಸೆಮಿಸ್ಟರ್ ಪೂರ್ತಿ ಮುಗಿಸಲಿ, ಒಂದು ಪರೀಕ್ಷೆಯನ್ನೂ ಬಿಡಬಾರದು. ಈಗಲೇ ಡಿಎಸ್ಒ ಬಳಿ ಹೋಗಿ ಮೇ ತಿಂಗಳ ಕೊನೆಯ ತಾರೀಕಿಗೆ ಬಿಡುಗಡೆ ಕೇಳಲಿ. ಬಿಡುಗಡೆಯಾದ ದಿನದಿಂದ ಐದು ತಿಂಗಳೊಳಗೆ ಹೊಸ ಕಡೆ ತರಗತಿ ಶುರುವಾಗಬೇಕು ಎಂಬುದು ನಿಯಮ. ಮೇ ಕೊನೆಯಿಂದ ಆಗಸ್ಟ್ ಎಂದರೆ ಮೂರು ತಿಂಗಳು, ತೊಂದರೆ ಇಲ್ಲ. ಇದೇ ಹುಡುಗ ಡಿಸೆಂಬರಿನಲ್ಲಿ ಬಿಡಿಸಿಕೊಂಡು ಮುಂದಿನ ಆಗಸ್ಟ್‌ಗೆ ಸೇರುತ್ತೇನೆ ಎಂದಿದ್ದರೆ ಎಂಟು ತಿಂಗಳಾಗುತ್ತಿತ್ತು, ಆಗುತ್ತಿರಲಿಲ್ಲ. ತಾರೀಕು ಬರುವ ತನಕ ಮನಸ್ಸು ಬದಲಿಸಬಹುದು. ಆ ದಿನ ದಾಟಿದ ಮೇಲೆ ಅವನ ದಾಖಲೆ ಹೊಸ ಕಾಲೇಜಿನ ಕೈಯಲ್ಲಿರುತ್ತದೆ. ಅಲ್ಲಿಯ ಕ್ಯಾಂಟೀನಿನಲ್ಲೋ ಲೈಬ್ರರಿಯಲ್ಲೋ ಕೆಲಸ ಮಾಡುತ್ತಿದ್ದರೆ ಅದೂ ಅವತ್ತೇ ನಿಲ್ಲಬೇಕು. ಹೊಸ ಕಾಲೇಜಿನಲ್ಲಿ ಕೋರ್ಸ್ ಶುರುವಾದ 15 ದಿನದೊಳಗೆ ಅಲ್ಲಿಯ ಡಿಎಸ್ಒಗೆ ಮುಖ ತೋರಿಸಿ ಹೆಸರು ಹಚ್ಚಬೇಕು. ಸೆವಿಸ್ ನಂಬರ್ ಅದೇ ಇರುತ್ತದೆ, 350 ಡಾಲರಿನ ಸೆವಿಸ್ ಫೀಸು ಮತ್ತೆ ಕಟ್ಟಬೇಕಿಲ್ಲ.

ಒಂದು ಎಚ್ಚರಿಕೆ. ಮಾಸ್ಟರ್ಸ್ ವಿದ್ಯಾರ್ಥಿಗಳು ನಡುವೆ ಕಾಲೇಜು ಬದಲಿಸುವುದಕ್ಕೆ ಕಡಿವಾಣ ಹಾಕುವ ಕರಡು ನಿಯಮವನ್ನು ಅಮೆರಿಕ ಸರ್ಕಾರ 2025ರ ಆಗಸ್ಟ್‌ನಲ್ಲಿ ಹೊರಡಿಸಿತು. ನಾನು ಹೇಳುತ್ತಿರುವುದು ನಾನು ಕೆಲಸ ಮಾಡಿದ ನಿಯಮ. ಬಿಡುಗಡೆ ಕೇಳುವ ದಿನ ಯಾವ ನಿಯಮ ಇದೆ ಎಂದು ಡಿಎಸ್ಒ ಬಾಯಿಂದಲೇ ಕೇಳಿಕೊಳ್ಳಲಿ.

ಎರಡನೇ ಬೀಗ, ಟ್ರಾನ್ಸ್‌ಕ್ರಿಪ್ಟ್. ನಮ್ಮ ಅಂಕಪಟ್ಟಿ ಇದ್ದ ಹಾಗೆ. ಬಾಕಿ ಇದ್ದರೆ ಅದನ್ನು ಕೊಡುವುದಿಲ್ಲ ಎನ್ನುವ ಕಾಲೇಜುಗಳು ಇವೆ. ಇದು ಸರ್ಕಾರದ ಕಾಗದವಲ್ಲ, ಕಾಲೇಜಿನದು. ಫೆಡರಲ್ ಸರ್ಕಾರ 2024ರ ಜುಲೈನಿಂದ ಇದಕ್ಕೆ ಸ್ವಲ್ಪ ಮೂಗುದಾರ ಹಾಕಿತು. ಆದರೆ ಆ ನಿಯಮ ಸರ್ಕಾರದ ವಿದ್ಯಾರ್ಥಿ ನೆರವು ಪಡೆದ ಸೆಮಿಸ್ಟರುಗಳಿಗೆ. ಆ ನೆರವು ನಮ್ಮ ಮಕ್ಕಳಿಗೆ ಸಿಗುವುದೇ ಇಲ್ಲ, ಹಾಗಾಗಿ ಈ ನಿಯಮದಿಂದಲೂ ಪ್ರಯೋಜನವಿಲ್ಲ. ಕೆಲವು ರಾಜ್ಯಗಳದ್ದೇ ಕಾನೂನು ಇದೆ. ಮಗ ಇರುವ ರಾಜ್ಯದ್ದು ನೋಡಿಕೊಳ್ಳಬೇಕು.

ಮಾಸ್ಟರ್ಸ್ ಪ್ರವೇಶಕ್ಕೆ ಇಲ್ಲಿಯ ಬಿ.ಇ. ಅಂಕಪಟ್ಟಿಯೇ ಸಾಕು ಎಂದು ಹೊಸ ಕಾಲೇಜು ಒಪ್ಪಬಹುದು. ಅಂಥ ಕಡೆ ಹುಡುಗರು ಹಳೇ ಕಾಲೇಜಿನ ಹೆಸರನ್ನೇ ಅರ್ಜಿಯಲ್ಲಿ ಬರೆಯದೆ ಬಿಡುತ್ತಾರೆ. ದಯವಿಟ್ಟು ಬೇಡ. ‘ಇಲ್ಲಿಯ ತನಕ ಓದಿದ ಎಲ್ಲ ಸಂಸ್ಥೆಗಳು’ ಎಂದು ಅರ್ಜಿಯಲ್ಲಿ ಕೇಳಿರುತ್ತಾರೆ, ಕೆಳಗೆ ಸಹಿ ಇರುತ್ತದೆ. ನಾನು ಹೇಳಿದ ಒಂದು ಪುಟದ ವರ್ಗಾವಣೆ ಫಾರಂನಲ್ಲೂ ಹಳೇ ಡಿಎಸ್ಒ ಉತ್ತರಿಸಬೇಕಾದ ಸಾಲುಗಳಿವೆ: ವಿದ್ಯಾರ್ಥಿಯ ಸ್ಥಿತಿ ಸರಿ ಇದೆಯೇ, ಯಾವಾಗಿನಿಂದ ಓದುತ್ತಿದ್ದಾನೆ. ಎಷ್ಟೋ ಫಾರಂಗಳಲ್ಲಿ ‘ಹಣದ ಬಾಕಿ ಏನಾದರೂ ಇದೆಯೇ’ ಎಂದೂ ಇರುತ್ತದೆ. ಮಗ ಮುಚ್ಚಿಟ್ಟದ್ದು ಅಲ್ಲಿ ಬಯಲಾಗುತ್ತದೆ. ತಾನೇ ಮೊದಲು ಹೇಳಿದರೆ ಅದು ಕಷ್ಟ, ಅವರಿಗೆ ಆಮೇಲೆ ಗೊತ್ತಾದರೆ ಅದು ಸುಳ್ಳು.

ಲಾಭ–ನಷ್ಟದ ಲೆಕ್ಕವನ್ನೂ ಕೂತು ಹಾಕಿ. ಅವನು ಮೂರನೇ ಸೆಮಿಸ್ಟರಿನಲ್ಲಿ ಇದ್ದಾನೆ. ಹೊಸ ಕಾಲೇಜು ಸಾಮಾನ್ಯವಾಗಿ ಆರೋ ಒಂಬತ್ತೋ ಕ್ರೆಡಿಟ್ ಮಾತ್ರ ಒಪ್ಪಿಕೊಳ್ಳುತ್ತದೆ, ಅದಕ್ಕೂ ಆ ಟ್ರಾನ್ಸ್‌ಕ್ರಿಪ್ಟ್ ಬೇಕು. ಉಳಿದದ್ದು ನೀರಿನಲ್ಲಿ ಹೋಮ. ಜೊತೆಗೆ ಹೊಸ ಐ-20 ಕೊಡುವ ಮುನ್ನ ಒಂದು ವರ್ಷದ ಖರ್ಚಿಗೆ ದುಡ್ಡಿದೆ ಎಂದು ಬ್ಯಾಂಕ್ ಕಾಗದ ತೋರಿಸಿ ಎನ್ನುತ್ತಾರೆ. 9,800 ಕಟ್ಟಲಾಗದವರು ಅದಕ್ಕಿಂತ ಎರಡು ಮೂರು ಪಟ್ಟು ತೋರಿಸಬೇಕು. ಈಗಿನ ಕಾಲೇಜಿನಲ್ಲಿ ಇನ್ನು ಒಂದೇ ಸೆಮಿಸ್ಟರ್ ಓದು ಉಳಿದಿದ್ದರೆ ಬದಲಿಸದೇ ಇರುವುದೇ ಅಗ್ಗ ಆಗಬಹುದು. ನಾನಾದರೆ ಮೊದಲು ಆ ದಾರಿ ನೋಡುತ್ತಿದ್ದೆ.

ಆ ದಾರಿ ಹೀಗಿದೆ. ಮಗ ಫೀಸಿನ ಕಚೇರಿಗೆ ಹೋಗಿ ಕಂತಿನ ವ್ಯವಸ್ಥೆ ಕೇಳಲಿ. ಖಾಲಿ ಕೈಯಲ್ಲಿ ಹೋಗಬಾರದು, ಐನೂರೋ ಸಾವಿರವೋ ಡಾಲರ್ ಕಟ್ಟಿ ಆಮೇಲೆ ಕೇಳಬೇಕು. ಬರಿಗೈಯಲ್ಲಿ ಬಂದವನ ಮಾತಿಗಿಂತ ರಸೀದಿ ಹಿಡಿದು ಬಂದವನ ಮಾತಿಗೆ ಕಿವಿ ಜಾಸ್ತಿ. ಇದು ನಮ್ಮೂರ ಸೊಸೈಟಿಯಲ್ಲೂ ಹಾಗೇ ಅಲ್ವಾ. ತುರ್ತು ನೆರವಿನ ಸಣ್ಣ ನಿಧಿ ಇದೆಯೇ ಎಂದು ವಿದ್ಯಾರ್ಥಿ ಕ್ಷೇಮದ ಡೀನ್ ಕಚೇರಿಯಲ್ಲಿ ಕೇಳಲಿ.

ಇನ್ನೊಂದು ದಾರಿಯನ್ನು ಮಲೆನಾಡಿನವರಿಗೆ ಯಾರೂ ಹೇಳಿಕೊಟ್ಟಿಲ್ಲ ಎಂದು ಕಾಣುತ್ತದೆ. ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಇರುವವರು ಒಂದು ಪೂರ್ಣ ಶೈಕ್ಷಣಿಕ ವರ್ಷ ಮುಗಿಸಿದ್ದರೆ, ಊಹಿಸದ ರೀತಿಯಲ್ಲಿ ಹಣದ ಮೂಲ ಬತ್ತಿದರೆ, ಕ್ಯಾಂಪಸ್ಸಿನ ಹೊರಗೆ ಕೆಲಸ ಮಾಡಲು ಸರ್ಕಾರದ ಅನುಮತಿ ಕೇಳಬಹುದು. ತೀವ್ರ ಆರ್ಥಿಕ ಸಂಕಷ್ಟದ ಅನುಮತಿ ಎಂದು ಅದಕ್ಕೆ ಹೆಸರು. ಡಿಎಸ್ಒ ಶಿಫಾರಸು ಮಾಡಬೇಕು, ಐ-765 ಅರ್ಜಿ ಹಾಕಬೇಕು. ತರಗತಿ ನಡೆಯುವಾಗ ವಾರಕ್ಕೆ 20 ಗಂಟೆ. ಕಾರಣಗಳಲ್ಲಿ ಕರೆನ್ಸಿಯ ಬೆಲೆ ಜೋರಾಗಿ ಏರಿಳಿಯುವುದನ್ನೂ ನಿಯಮದಲ್ಲೇ ಬರೆದಿದ್ದಾರೆ. ರೂಪಾಯಿ ಬಿದ್ದದ್ದು, ಎಲೆಚುಕ್ಕೆಯಿಂದ ಫಸಲು ಬಿದ್ದದ್ದು, ಎರಡಕ್ಕೂ ಕಾಗದ ಮಾಡಿಸಿ. ತೋಟಗಾರಿಕೆ ಇಲಾಖೆಯಿಂದ ಬೆಳೆ ನಷ್ಟದ ಪತ್ರ, ನೀವು ಅಡಿಕೆ ಹಾಕುವ ಸೊಸೈಟಿಯ ಮೂರು ವರ್ಷದ ಲೆಕ್ಕ, ಅವುಗಳ ಇಂಗ್ಲಿಷ್ ಅನುವಾದ. ಎಷ್ಟು ಕ್ವಿಂಟಾಲ್ ಇದ್ದದ್ದು ಎಷ್ಟಕ್ಕೆ ಇಳಿಯಿತು ಎಂದು ಒಂದೇ ಹಾಳೆಯಲ್ಲಿ ಕಾಣುವಂತಿರಲಿ. ಓಹಾಯೋದಲ್ಲೋ ಟೆಕ್ಸಸ್‌ನಲ್ಲೋ ಕೂತ ಅಧಿಕಾರಿಗೆ ಅಡಿಕೆ ಎಂದರೇನು ಎಂದೇ ಗೊತ್ತಿರುವುದಿಲ್ಲ, ಅದಕ್ಕೂ ಎರಡು ಸಾಲು ಬರೆಯಿರಿ. ಅನುಮತಿ ಕೈಗೆ ಬರುವ ಮುನ್ನ ಪೆಟ್ರೋಲ್ ಬಂಕ್‌ನಲ್ಲೋ ಇಂಡಿಯನ್ ಅಂಗಡಿಯಲ್ಲೋ ಕೈಗೆ ಕಾಸು ಪಡೆದು ಕೆಲಸ ಮಾಡಿದರೆ ಮಾತ್ರ ಎಲ್ಲ ಕೆಡುತ್ತದೆ. ಇದನ್ನು ಮಗನಿಗೆ ಎರಡು ಸಲ ಹೇಳಿ.

ಕೊನೆಗೆ, ಬಾಕಿ ಕಟ್ಟದೇ ಹೋದರೆ? ಜೈಲಿಲ್ಲ, ಅದು ಸಿವಿಲ್ ಸಾಲ. ಆದರೆ ಅದು ಅಲ್ಲೇ ಬಿದ್ದಿರುವುದೂ ಇಲ್ಲ. ತಡದ ದಂಡ ಸೇರುತ್ತದೆ, ಆಮೇಲೆ ವಸೂಲಿ ಸಂಸ್ಥೆಗೆ ಹೋಗುತ್ತದೆ, ಅವರ ಖರ್ಚೂ ಮೇಲೆ ಕೂರುತ್ತದೆ. ನಾನಿದ್ದ ಓಹಾಯೋದಲ್ಲಿ ಸರ್ಕಾರಿ ವಿಶ್ವವಿದ್ಯಾಲಯದ ಬಾಕಿ ಗಡುವು ದಾಟಿ 45 ದಿನವಾದರೆ ರಾಜ್ಯದ ಅಟಾರ್ನಿ ಜನರಲ್ ಕಚೇರಿಗೇ ಹೋಗುತ್ತದೆ. ಕ್ರೆಡಿಟ್ ದಾಖಲೆಯಲ್ಲಿ ಏಳು ವರ್ಷ ಕಾಣಬಹುದು. ಮನೆ ಬಾಡಿಗೆಗೆ, ಕಾರು ಸಾಲಕ್ಕೆ ಹೋದಾಗ ಎದುರು ಬರುತ್ತದೆ. ವರ್ಗಾವಣೆಯಾದರೂ ಸರಿ, ಆ 9,800ಕ್ಕೆ ಒಂದು ಒಪ್ಪಂದ ಬರೆಸಿಕೊಂಡೇ ಊರು ಬಿಡಲಿ.

ಇನ್ನೊಂದು ಮಾತು, ಕೋಪ ಮಾಡಿಕೊಳ್ಳಬೇಡಿ. ‘ನಮಗೆ ಗೊತ್ತಾಗಿದ್ದೇ ಹೋದ ವಾರ’ ಎಂದು ಬರೆದಿದ್ದೀರಿ. ಆ ಹುಡುಗ ಎಷ್ಟು ತಿಂಗಳಿಂದ ಒಬ್ಬನೇ ಇದನ್ನು ಹೊತ್ತಿದ್ದಾನೋ. ನನ್ನ ಕಚೇರಿಗೆ ಬಂದವರಲ್ಲಿ ಅರ್ಧ ಜನ ಮೊದಲು ಕೇಳುತ್ತಿದ್ದದ್ದು ‘ಮನೆಗೆ ಗೊತ್ತಾಗುತ್ತಾ ಮೇಡಂ?’ ಅಂತ. ಬೈಯುವುದಿದ್ದರೆ ಬಿಡುಗಡೆಯ ತಾರೀಕು ಗೊತ್ತಾದ ಮೇಲೆ ಬೈಯಿರಿ.

ಪ್ರಶ್ನೆ: ನಾನು ಟೆಕ್ಸಸ್‌ನಲ್ಲಿ ಓದುತ್ತಿದ್ದೇನೆ, ಊರು ಕೋಲಾರ. ಸೀನಿಯರ್ ಒಬ್ಬರ ಮೂಲಕ ಪರಿಚಯವಾದವನು ಫೀಸಿನಲ್ಲಿ 10 ಪರ್ಸೆಂಟ್ ಡಿಸ್ಕೌಂಟ್ ಕೊಡಿಸುತ್ತೇನೆ ಎಂದ. 8,000 ಡಾಲರ್ ಫೀಸನ್ನು ಅವನು ತನ್ನ ಕಾರ್ಡಿನಿಂದ ಕಟ್ಟಿದ, ನಾನು ಅವನಿಗೆ 7,200 ಝೆಲ್ (ಬ್ಯಾಂಕ್ ಖಾತೆಯಿಂದ ನೇರ ಹಣ ಕಳಿಸುವ ವ್ಯವಸ್ಥೆ) ಮಾಡಿದೆ. ಅಕೌಂಟ್‌ನಲ್ಲಿ ಬ್ಯಾಲೆನ್ಸ್ ಸೊನ್ನೆ ಎಂದು ಕಾಣಿಸಿತು. ಮೂರು ವಾರದ ಮೇಲೆ ಪುನಃ 8,000 ಬಾಕಿ ಎಂದು ಬಂತು. ಅವನ ಫೋನ್ ಸ್ವಿಚ್ ಆಫ್. ಯಾರಿಗೂ ಹೇಳದೆ ಬೇರೆ ಕಾಲೇಜಿಗೆ ಟ್ರಾನ್ಸ್‌ಫರ್ ತಗೊಂಡುಬಿಡಲೇ?

ಉತ್ತರ: ಬೇಡ ಮಗೂ. ಇದು ಹಳೇ ಮೋಸ. ಅವನ ಕೈಯಲ್ಲಿದ್ದದ್ದು ಕದ್ದ ಕಾರ್ಡು. ಕಾರ್ಡಿನ ನಿಜವಾದ ಯಜಮಾನ ಸ್ಟೇಟ್‌ಮೆಂಟ್ ನೋಡಿ ‘ಇದು ನಾನು ಮಾಡಿದ ಖರ್ಚಲ್ಲ’ ಎಂದ ಕೂಡಲೇ ಬ್ಯಾಂಕು ಹಣ ವಾಪಸ್ ಎಳೆದುಕೊಂಡಿತು. ಆ ಮೂರು ವಾರ ಅಂದರೆ ಅದೇ. ಕಾಲೇಜಿನ ಪುಸ್ತಕದಲ್ಲಿ ಈಗ ಇರುವುದು ಎರಡು ಸಂಗತಿ: ಕದ್ದ ಕಾರ್ಡಿನಿಂದ ಕಟ್ಟಿದ ಫೀಸು, ಅದರ ಎದುರು ನಿನ್ನ ಹೆಸರು. ನೀನು ಸದ್ದಿಲ್ಲದೆ ಟ್ರಾನ್ಸ್‌ಫರ್ ತೆಗೆದುಕೊಂಡರೆ ಅದು ಹೇಗೆ ಕಾಣುತ್ತದೆ ಯೋಚನೆ ಮಾಡು.

ಇವತ್ತೇ ಕ್ಯಾಂಪಸ್ ಪೊಲೀಸರ ಬಳಿ ಹೋಗಿ ದೂರು ಬರೆಸು. ಹೆದರಬೇಡ, ನಮ್ಮ ಠಾಣೆಯ ಹಾಗಲ್ಲ, ಕುರ್ಚಿ ಕೊಟ್ಟು ಕೂರಿಸುತ್ತಾರೆ. ವಾಟ್ಸಾಪ್ ಮಾತು, ಝೆಲ್ ರಸೀದಿ, ಸೊನ್ನೆ ಬ್ಯಾಲೆನ್ಸಿನ ಸ್ಕ್ರೀನ್‌ಶಾಟ್ ಯಾವುದನ್ನೂ ಅಳಿಸಬೇಡ. ಎಫ್‌ಬಿಐನ ಆನ್‌ಲೈನ್ ದೂರು ಕೇಂದ್ರ ಐಸಿ3ರಲ್ಲೂ ದಾಖಲಿಸು. ದೂರಿನ ನಂಬರ್ ಹಿಡಿದು ಫೀಸಿನ ಕಚೇರಿಗೂ ಡಿಎಸ್ಒ ಬಳಿಗೂ ಹೋಗು. ನಿನ್ನ ಬ್ಯಾಂಕಿಗೂ ಹೇಳು. ಆದರೆ 7,200 ವಾಪಸ್ ಬರುತ್ತದೆ ಎಂದು ಆಸೆ ಇಟ್ಟುಕೊಳ್ಳಬೇಡ, ಝೆಲ್‌ನಲ್ಲಿ ನೀನೇ ಒಪ್ಪಿ ಕಳಿಸಿದ ಹಣ ಬರುವುದು ಕಷ್ಟ. 8,000 ಬಾಕಿ ಬಾಕಿಯೇ. ದೂರಿನ ಪ್ರತಿ ಇದ್ದರೆ ದಂಡ ಬಿಡಬಹುದು, ಕಂತು ಕೊಡಬಹುದು. ಆಮೇಲೂ ಕಾಲೇಜು ಬದಲಿಸುವ ಮನಸ್ಸಿದ್ದರೆ ಮೇಲಿನ ಉತ್ತರ ನಿನಗೂ ಆಗುತ್ತದೆ.

ನೀನು ಬರೆಯದ ಒಂದು ಪ್ರಶ್ನೆ ನನಗಿದೆ. ಇನ್ನಿಬ್ಬರು ಸ್ನೇಹಿತರನ್ನು ಅವನಿಗೆ ಪರಿಚಯ ಮಾಡಿಸಿ ಕಮಿಷನ್ ಏನಾದರೂ ತಗೊಂಡಿದ್ದೀಯಾ? ಹಾಗಿದ್ದರೆ ಪೊಲೀಸರಿಗಿಂತ ಮೊದಲು ವಕೀಲರನ್ನು ನೋಡು. ಅಲ್ಲಿಂದ ಮುಂದೆ ನೀನು ಬರೀ ಮೋಸ ಹೋದವನಲ್ಲ. ಎಷ್ಟೋ ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿಗಳಿಗೆ ಉಚಿತ ಕಾನೂನು ಸಲಹೆಯ ಕಚೇರಿ ಇರುತ್ತದೆ, ವಿಚಾರಿಸು.

ಪ್ರಶ್ನೆ: ನ್ಯೂಯಾರ್ಕ್ ರಾಜ್ಯದಲ್ಲಿ ಎಂ.ಎಸ್. ಮುಗಿಸಿ ಒಪಿಟಿಯಲ್ಲಿ (ಓದಿದ ವಿಷಯದಲ್ಲಿ ಕೆಲಕಾಲ ಕೆಲಸ ಮಾಡಲು ಎಫ್-1 ವಿದ್ಯಾರ್ಥಿಗಳಿಗೆ ಸಿಗುವ ಅನುಮತಿ) ಕೆಲಸ ಮಾಡುತ್ತಿದ್ದೇನೆ. 2,300 ಡಾಲರ್ ಬಾಕಿಗೆ ಸರ್ಟಿಫಿಕೇಟ್ ಕೊಟ್ಟಿಲ್ಲ. ಕಂಪನಿ ಪದವಿಯ ದಾಖಲೆ ಕೇಳುತ್ತಿದೆ. ಇನ್ನೊಂದು ಕಾಲೇಜಿಗೆ ಸೇರಿಬಿಡು, ಅಲ್ಲಿಂದ ನೋಡಿಕೊಳ್ಳಬಹುದು ಎಂದು ರೂಮ್‌ಮೇಟ್ಸ್ ಹೇಳುತ್ತಾರೆ. — ಮಂಡ್ಯದ ಹುಡುಗಿ

ಉತ್ತರ: ರೂಮ್‌ಮೇಟ್ಸ್ ಮಾತು ಕೇಳಬೇಡಿ. ವರ್ಗಾವಣೆಯ ಬಿಡುಗಡೆ ತಾರೀಕಿಗೆ ನಿಮ್ಮ ಒಪಿಟಿ ಮುಗಿಯುತ್ತದೆ, ಕೆಲಸದ ಅನುಮತಿಯ ಕಾರ್ಡಿನ ಮೇಲೆ ಇನ್ನೂ ಎಂಟು ತಿಂಗಳು ಎಂದು ಅಚ್ಚಾಗಿದ್ದರೂ ಅಷ್ಟೇ. 2,300ಕ್ಕೆ ಕೆಲಸ ಕಳೆದುಕೊಳ್ಳುತ್ತೀರಾ?

ನೀವಿರುವ ರಾಜ್ಯ ನಿಮಗೆ ಅನುಕೂಲವಾಗಿದೆ. ಬಾಕಿಯ ನೆಪದಲ್ಲಿ ಟ್ರಾನ್ಸ್‌ಕ್ರಿಪ್ಟ್ ತಡೆಯಬಾರದು ಎಂದು ನ್ಯೂಯಾರ್ಕ್ 2022ರಲ್ಲೇ ಕಾನೂನು ಮಾಡಿತು. ಕ್ಯಾಲಿಫೋರ್ನಿಯಾದಲ್ಲಿ 2020ರಿಂದ ಇದೆ. ಗೋಡೆಗೆ ತೂಗುಹಾಕುವ ಸರ್ಟಿಫಿಕೇಟ್ ಬೇರೆ, ಟ್ರಾನ್ಸ್‌ಕ್ರಿಪ್ಟ್ ಬೇರೆ. ನೀವು ಸರ್ಟಿಫಿಕೇಟ್ ಕೇಳಿದ್ದೀರಿ, ಅವರು ಇಲ್ಲ ಎಂದಿದ್ದಾರೆ. ಈಗ ರಿಜಿಸ್ಟ್ರಾರ್ ಕಚೇರಿಗೆ ಅಧಿಕೃತ ಟ್ರಾನ್ಸ್‌ಕ್ರಿಪ್ಟ್ ಬೇಕೆಂದು ಬರೆಯಿರಿ. ಅದರಲ್ಲಿ ಪದವಿ ಕೊಟ್ಟ ತಾರೀಕು ಅಚ್ಚಾಗಿದ್ದರೆ ಕಂಪನಿಗೆ ತೋರಿಸಲು ಬಹಳ ಕಡೆ ಅದೇ ಸಾಕಾಗುತ್ತದೆ. ಮತ್ತೆ ಸಂಬಳ ಬರುತ್ತಿದೆಯಲ್ಲ, ತಿಂಗಳಿಗೆ 400ರ ಹಾಗೆ ಕಟ್ಟಿ ಮುಗಿಸಿಬಿಡಿ.

ಪ್ರಶ್ನೆ: ಮಗಳು ಕಾಲೇಜು ಬದಲಿಸಿದ್ದಾಳೆ. ಹಳೇ ಕಾಲೇಜಿನ ಹೆಸರಿನ ಮೇಲೆ ಮಂಜೂರಾದ ಶಿಕ್ಷಣ ಸಾಲವನ್ನು ಹೊಸ ಕಾಲೇಜಿಗೆ ಕಳಿಸಲು ಬ್ಯಾಂಕ್ ಒಪ್ಪುತ್ತಿಲ್ಲ. — ಹುಬ್ಬಳ್ಳಿ

ಉತ್ತರ: ಅದು ಬ್ಯಾಂಕಿನ ಹಟ ಅಲ್ಲ. ಸಾಲ ಮಂಜೂರಾಗಿದ್ದು ಆ ಕಾಲೇಜು, ಆ ಕೋರ್ಸ್, ಆ ಫೀಸಿನ ಪಟ್ಟಿ ನೋಡಿ. ಕಂತು ನೇರವಾಗಿ ಕಾಲೇಜಿಗೇ ಹೋಗುತ್ತದೆ. ಹೊಸ ಐ-20, ಹೊಸ ಪ್ರವೇಶ ಪತ್ರ, ಹೊಸ ಫೀಸಿನ ಪಟ್ಟಿ, ಯಾಕೆ ಬದಲಿಸಿದೆವು ಎಂಬ ಒಂದು ಪುಟದ ಪತ್ರ, ಇಷ್ಟನ್ನು ಕೊಟ್ಟು ಮಂಜೂರಾತಿಯನ್ನು ತಿದ್ದಿಸಿಕೊಳ್ಳಬೇಕು. ಇದನ್ನು ಮಗಳು ಬದಲಿಸುವ ಮೊದಲೇ ಮಾಡಬೇಕಿತ್ತು. ಈಗ ಶಾಖೆಯ ಮ್ಯಾನೇಜರ್ ತಲೆ ಅಲ್ಲಾಡಿಸಿದರೆ ಬಾಯಿಮಾತಿಗೆ ವಾಪಸ್ ಬರಬೇಡಿ, ಅರ್ಜಿ ಕೊಟ್ಟು ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಿ. ಸಾಲದ ತೀರ್ಮಾನ ಆಗುವ ತನಕ ಸ್ವಂತ ಹಣ ಕಳಿಸುವುದಾದರೆ, ವರ್ಷಕ್ಕೆ ಒಟ್ಟು 10 ಲಕ್ಷ ದಾಟಿದ ಭಾಗಕ್ಕೆ ಟಿಸಿಎಸ್ (ಹಣ ಕಳಿಸುವಾಗಲೇ ಬ್ಯಾಂಕು ವಸೂಲಿ ಮಾಡುವ ತೆರಿಗೆ) ಹಿಡಿಯುತ್ತಾರೆ. ಅದು ಕಳೆದುಹೋಗುವ ಹಣವಲ್ಲ, ರಿಟರ್ನ್ ಸಲ್ಲಿಸುವಾಗ ಲೆಕ್ಕಕ್ಕೆ ಬರುತ್ತದೆ.

ಪ್ರಶ್ನೆ: ಮೊಮ್ಮಗಳು ಕಾಲೇಜು ಬದಲಿಸಿದ ಮೇಲೆ ಬೇಸಿಗೆಗೆ ಊರಿಗೆ ಬರುತ್ತಿದ್ದಾಳೆ. ಪಾಸ್‌ಪೋರ್ಟಿನ ವೀಸಾದಲ್ಲಿ ಹಳೇ ಕಾಲೇಜಿನ ಹೆಸರಿದೆ. ಮತ್ತೆ ಚೆನ್ನೈಗೆ ಹೋಗಬೇಕೇ? ವಾಪಸ್ ಹೋಗುವಾಗ ಒಳಗೆ ಬಿಡುತ್ತಾರೆಯೇ? — ಅಜ್ಜಿ, ಉಡುಪಿ

ಉತ್ತರ: ವೀಸಾದ ಅವಧಿ ಇನ್ನೂ ಇದ್ದು, ಸೆವಿಸ್ ನಂಬರ್ ಅದೇ ಇದ್ದರೆ ಚೆನ್ನೈಗೆ ಹೋಗಬೇಕಿಲ್ಲ ಅಜ್ಜಿ. ಹಳೇ ಹೆಸರಿನ ವೀಸಾ ನಡೆಯುತ್ತದೆ. ಆದರೆ ಐ-20 ಮಾತ್ರ ಹೊಸ ಕಾಲೇಜಿನದ್ದೇ ಇರಬೇಕು, ಅದಿಲ್ಲದೆ ಅವಳು ಅಲ್ಲಿಂದ ಹೊರಡುವುದೇ ಬೇಡ. ಹಳೇ ಕಾಲೇಜಿನಲ್ಲಿ ಬಾಕಿ ಇದ್ದು ಕಂತು ಮಾಡಿಕೊಂಡಿದ್ದರೆ ಆ ಪತ್ರದ ಒಂದು ಪ್ರತಿಯೂ ಜೊತೆಗಿರಲಿ. ಇಮಿಗ್ರೇಷನ್ ಕೌಂಟರಿನಲ್ಲಿ ಅದನ್ನು ಕೇಳುವುದು ಅಪರೂಪ, ಕೇಳಿದರೆ ತಡಕಾಡುವುದು ತಪ್ಪುತ್ತದೆ. ಈ ಕಾಗದಗಳನ್ನೆಲ್ಲ ಭುಜದ ಚೀಲದಲ್ಲಿ ಇಡಲು ಹೇಳಿ. ಹೋದ ಸಲ ಒಬ್ಬಳು ಐ-20ಯನ್ನು ಹಪ್ಪಳದ ಡಬ್ಬದ ಕೆಳಗೆ ಇಟ್ಟು ದೊಡ್ಡ ಪೆಟ್ಟಿಗೆಯನ್ನು ಚೆಕ್-ಇನ್ ಮಾಡಿಬಿಟ್ಟಿದ್ದಳು. ಪೆಟ್ಟಿಗೆ ಸಿಗುವುದು ಇಮಿಗ್ರೇಷನ್ ಕೌಂಟರ್ ದಾಟಿದ ಮೇಲೆ.